ದುಷ್ಟ ಸಾಮ್ರಾಜ್ಯದ ಮೂಲ ಎಲ್ಲಿ?

ಪ್ರಶ್ನೆ: ಟೆರ್ರಿ ಪ್ರಾಚೆಟ್‌ರ ‘ಡಿಸ್ಕ್‌ವರ್ಲ್ಡ್’ ಕಾದಂಬರಿಗಳಲ್ಲಿ ಬರುವ, ಬಿದ್ದುಹೋದ ‘ದುಷ್ಟ ಸಾಮ್ರಾಜ್ಯ’ಕ್ಕೆ ನಿಜ ಲೋಕದ ಮಾದರಿ ಯಾವುದು?
– ಓದುಗರು, ಚಳ್ಳಕೆರೆ

ಉತ್ತರ: ಒಂದೇ ಮಾದರಿ ಅಂತ ಹೇಳಲಾಗದು. ಹೆಸರು ಕೇಳಿದೊಡನೆ ನೆನಪಾಗುವುದು 1983ರಲ್ಲಿ ಅಮೆರಿಕ ಅಧ್ಯಕ್ಷ ರೇಗನ್ ಸೋವಿಯತ್ ಒಕ್ಕೂಟಕ್ಕೆ ಅಂಟಿಸಿದ ಬಿರುದು. ಕಾದಂಬರಿಯ ದುಷ್ಟ ಚಕ್ರವರ್ತಿಯ ಓರ್ಕ್ ಎಂಬ ಭಯಂಕರ ಸೈನಿಕರು ಲೇಖಕ ಟೋಲ್ಕಿನ್‌ರಿಂದ ತಂದ ಕಡ. ತಮಾಷೆ ಶುರುವಾಗುವುದೇ ಚಕ್ರವರ್ತಿ ಹೋದ ಮೇಲೆ: 2009ರ ‘ಅನ್‌ಸೀನ್ ಅಕಾಡೆಮಿಕಲ್ಸ್’ನಲ್ಲಿ ನಟ್ ಎಂಬ ಓರ್ಕ್ ವಿಶ್ವವಿದ್ಯಾಲಯದ ಮೇಣದಬತ್ತಿಗಳ ಮೇಲೆ ಅಂದವಾಗಿ ಮೇಣ ಇಳಿಸುವ ನೌಕರ!

ರಾಜ್ಯ ಅಳಿದರೂ ನೌಕರ ಉಳಿಯುತ್ತಾನೆ. ನಿಮ್ಮ ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ನೋಡಿ. ಮೌರ್ಯರನ್ನು ದುಷ್ಟರೆನ್ನಲಾರೆ, ಆದರೆ ಅಲ್ಲಿನ ಅಶೋಕ ಶಾಸನದ ಕೊನೆಗೆ ಚಪಡ ಎಂಬ ಲಿಪಿಕಾರನ ರುಜುವಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ತನ್ನ ಕಸುಬಿನ ಹೆಸರು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ! ಜಂಬವೇ ಇರಬೇಕು.