ಗದರುವುದಕ್ಕೂ ಕಾಯಿದೆಗೂ ಏನು ನಂಟು?

ಪ್ರಶ್ನೆ: ಕಟುವಾಗಿ ಗದರಿದರೆ ಇಂಗ್ಲಿಷಿನಲ್ಲಿ ‘ರಯಟ್ ಆಕ್ಟ್ ಓದಿದರು’ ಎನ್ನುತ್ತಾರೆ. ಏಕೆ?

ಉತ್ತರ: ಇದು ನಿಜವಾಗಿಯೂ ಓದುತ್ತಿದ್ದ ಕಾಯಿದೆ. ಬ್ರಿಟನ್ನಿನಲ್ಲಿ 1715ರಲ್ಲಿ ಜಾರಿಗೆ ಬಂತು. 12 ಅಥವಾ ಹೆಚ್ಚು ಜನ ಗುಂಪುಗೂಡಿ ದಾಂದಲೆಗಿಳಿದರೆ, ಮ್ಯಾಜಿಸ್ಟ್ರೇಟರು ದೊರೆಯ ಹೆಸರಿನಲ್ಲಿ ಚದುರಿಹೋಗುವಂತೆ ಘೋಷಣೆಯನ್ನು ಗಟ್ಟಿಯಾಗಿ ಓದಬೇಕಿತ್ತು. ಕೊನೆಯ ‘ದೇವರು ದೊರೆಯನ್ನು ಕಾಪಾಡಲಿ’ ಎಂಬ ಮಾತು ಬಿಟ್ಟುಹೋದರೂ ಓದಿದ್ದು ಸಿಂಧುವಾಗುತ್ತಿರಲಿಲ್ಲ. ಓದಿದ ಮೇಲೆ ಒಂದು ಗಂಟೆ ಗಡುವು. ಆಮೇಲೂ ಕದಲದವರಿಗೆ ಮರಣದಂಡನೆಯನ್ನೇ ವಿಧಿಸಬಹುದಿತ್ತು. ಗದ್ದಲದ ತರಗತಿಯಲ್ಲಿ ಮೇಷ್ಟ್ರು ‘ಹತ್ತು ಎಣಿಸುವುದರೊಳಗೆ ಸುಮ್ಮನಾಗಬೇಕು’ ಎಂದು ಬೆತ್ತ ಹಿಡಿದ ಹಾಗೆ: ಮೊದಲು ಎಚ್ಚರಿಕೆ, ನಂತರ ಗಡುವು, ಆಮೇಲೆ ಶಿಕ್ಷೆ. ‘ಇನ್ನು ಸಹಿಸುವುದಿಲ್ಲ’ ಎಂಬ ಈ ಧಾಟಿಯಿಂದಲೇ ಮನೆ, ಕಚೇರಿಗಳ ಕಟ್ಟೆಚ್ಚರಿಕೆಯ ಬೈಗುಳಕ್ಕೂ ಆ ಹೆಸರು ಅಂಟಿತು. ಇಂಗ್ಲೆಂಡಿನಲ್ಲಿ 1967ರಲ್ಲಿ ಕಾಯಿದೆ ರದ್ದಾದರೂ ನುಡಿಗಟ್ಟು ಇಂದಿಗೂ ಬಳಕೆಯಲ್ಲಿದೆ.