ಕಾಣದ ವಿದ್ಯಾರ್ಥಿಗೆ ಪಾಠ ಹೇಳುವ ಬಗೆ

ಮಠದ ಪಾಠಶಾಲೆಯಲ್ಲಿ ನಾವು ವ್ಯಾಕರಣ ಕಲಿಯುತ್ತಿದ್ದಾಗ ಗುರುಗಳು ಪುಸ್ತಕವನ್ನು ನೋಡುತ್ತಿದ್ದುದಕ್ಕಿಂತ ನಮ್ಮ ಮುಖಗಳನ್ನು ನೋಡುತ್ತಿದ್ದುದೇ ಹೆಚ್ಚು. ಯಾವನೊಬ್ಬನ ಕಣ್ಣು ಕಿಟಕಿಯಾಚೆಗೆ ಸರಿಯಿತೆಂದರೆ ಸಾಕು, ಸೂತ್ರ ಅಲ್ಲಿಗೇ ನಿಲ್ಲುತ್ತಿತ್ತು. ಮುಂದಿನ ಮಾತನ್ನು ಅವನೇ ಹೇಳಬೇಕಾಗುತ್ತಿತ್ತು. ಮುಂದೆ ಅಧ್ಯಾಪಕರಾದ ಮೇಲೆ ನಾವೂ ಅದೇ ಮಾರ್ಗವನ್ನು ಅನುಸರಿಸಿಕೊಂಡು ಬಂದೆವು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ನಿಮಿತ್ತ ಶಾಲೆ-ಕಾಲೇಜುಗಳು ಮುಚ್ಚಿದವು. ಆಗಷ್ಟೇ ನಿವೃತ್ತರಾಗಿದ್ದ ನಮ್ಮನ್ನು ಪರಿಚಿತರು ಪದವಿಪೂರ್ವ ವಿದ್ಯಾರ್ಥಿಗಳಿಗೆ ಆನ್‌ಲೈನ್ ಮೂಲಕ ಕನ್ನಡ ವ್ಯಾಕರಣವನ್ನು ಬೋಧಿಸಬೇಕೆಂದು ಕೋರಿದರು. ಒಪ್ಪಿಕೊಂಡೆವು. ಮಗನ ನೆರವಿನಿಂದ ಜೂಮ್ ತೆರೆದು ಕುಳಿತಾಗ ಪರದೆಯ ಮೇಲೆ ಕಂಡದ್ದು ನಲವತ್ತು ಹೆಸರುಗಳು. ಮುಖ ಒಂದೂ ಇಲ್ಲ.

ಒಂದು ಗಂಟೆಯ ಕಾಲ ಸಂಧಿಪ್ರಕರಣವನ್ನು ನಿರರ್ಗಳವಾಗಿ ವಿವರಿಸಿದೆವು. ನಡುನಡುವೆ "ಅರ್ಥವಾಯಿತೇ?" ಎಂದು ಕೇಳಿದಾಗ ಒಂದೆರಡು ಕಂಠಗಳು "ಆಯ್ತು ಸರ್" ಎಂದವು. ಪಾಠ ಮುಗಿಯಿತು, ಇನ್ನು ಹೊರಡಬಹುದು ಎಂದು ಹೇಳಿ ಹತ್ತು ನಿಮಿಷ ಕಳೆದರೂ ಏಳು ಹೆಸರುಗಳು ಪರದೆಯ ಮೇಲೆ ಹಾಗೆಯೇ ಉಳಿದಿದ್ದವು. ಕೂಗಿ ಕರೆದರೂ ಉತ್ತರವಿಲ್ಲ. ಹೆಸರನ್ನು ಕೂರಿಸಿ ಒಡೆಯರು ಎದ್ದು ಹೋಗಿದ್ದರು! ಮೊದಲು ಕೋಪ ಬಂತು. ರಾತ್ರಿ ಯೋಚಿಸಿದಾಗ ತಪ್ಪು ನಮ್ಮದೇ ಎನ್ನಿಸಿತು. "ಅರ್ಥವಾಯಿತೇ?" ಎಂಬುದು ಪ್ರಶ್ನೆಯೇ ಅಲ್ಲ. ಅದಕ್ಕೆ ಹೌದೆಂದು ಹೇಳಲು ಪಾಠವನ್ನು ಕೇಳಿರಬೇಕಾದ ಅಗತ್ಯವಿಲ್ಲ.

ತರುವಾಯ ಈ ವಿಷಯದಲ್ಲಿ ಪರಿಶ್ರಮ ಪಟ್ಟವರು ಏನು ಹೇಳಿದ್ದಾರೆಂದು ಹುಡುಕಿ ಓದಿದೆವು. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಸ್ಪುನಾರ್, ಖಾನ್ ಹಾಗೂ ಶ್ಯಾಕ್ಟರ್ ಎಂಬವರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮ್ಮ ಕಣ್ಣು ತೆರೆಸಿತು. ಸಂಖ್ಯಾಶಾಸ್ತ್ರದ ಸುಮಾರು 21 ನಿಮಿಷಗಳ ಪಾಠವನ್ನು ನಾಲ್ಕು ತುಂಡು ಮಾಡಿ ವಿದ್ಯಾರ್ಥಿಗಳಿಗೆ ವೀಡಿಯೊದಲ್ಲಿ ತೋರಿಸಿದರು. ಕೆಲವರಿಗೆ ಪ್ರತಿ ತುಂಡಿನ ಕೊನೆಗೆ ಸಣ್ಣ ಪರೀಕ್ಷೆ. ಇನ್ನು ಕೆಲವರಿಗೆ ಪರೀಕ್ಷೆಯ ಬದಲು ಅದೇ ವಿಷಯವನ್ನು ಉತ್ತರಸಹಿತ ಮತ್ತೊಮ್ಮೆ ತೋರಿಸುವುದು. ಪರೀಕ್ಷೆಗೆ ಒಳಗಾದವರ ಮನಸ್ಸು ಪಾಠವನ್ನು ಬಿಟ್ಟು ಅಲೆದದ್ದು ಉಳಿದವರಿಗಿಂತ ಅರ್ಧದಷ್ಟು ಕಡಿಮೆ. ಅವರು ಟಿಪ್ಪಣಿ ಬರೆದುಕೊಂಡದ್ದೂ ಹೆಚ್ಚು, ಕೊನೆಯ ಭಾಗವನ್ನು ನೆನಪಿನಲ್ಲಿ ಇಟ್ಟುಕೊಂಡದ್ದೂ ಹೆಚ್ಚು. ನಮ್ಮ ಗುರುಗಳು ಸೂತ್ರದ ನಡುವೆ ನಿಲ್ಲಿಸುತ್ತಿದ್ದುದರ ಮರ್ಮ ಇದೇ ಅಲ್ಲವೇ?

ಮುದ್ರಿಸಿಟ್ಟ ಪಾಠಗಳ ವಿಷಯದಲ್ಲಿ ಇನ್ನೊಂದು ಮಾತು. ಅಮೆರಿಕದ ಎಡೆಕ್ಸ್ ಎಂಬ ಆನ್‌ಲೈನ್ ಶಿಕ್ಷಣ ವೇದಿಕೆಯಲ್ಲಿ ವೀಡಿಯೊ ನೋಡಿದ 69 ಲಕ್ಷ ಸಂದರ್ಭಗಳನ್ನು ಫಿಲಿಪ್ ಗುವೋ ಮತ್ತು ಸಂಗಡಿಗರು 2014ರಲ್ಲಿ ಪರಿಶೀಲಿಸಿದಾಗ, ವೀಡಿಯೊ ಎಷ್ಟೇ ದೀರ್ಘವಾಗಿರಲಿ, ನೋಡುವವರ ಆಸಕ್ತಿ ಸಾಮಾನ್ಯವಾಗಿ ಆರು ನಿಮಿಷವನ್ನು ಮೀರದೆಂದು ಕಂಡುಬಂತು. ದುಬಾರಿ ಸ್ಟುಡಿಯೋದಲ್ಲಿ ತಯಾರಾದ ಪಾಠಕ್ಕಿಂತ ಮೇಜಿನ ಮುಂದೆ ಕುಳಿತು ಸಹಜವಾಗಿ ಹೇಳಿದ ಪಾಠವೇ ಹೆಚ್ಚು ಹಿಡಿಸಿತಂತೆ. ಬಡ ಸಂಸ್ಥೆಗಳಿಗೆ ಇದು ಸಮಾಧಾನದ ಸುದ್ದಿ.

ಹೀಗಾಗಿ ಪಾಠವನ್ನು ಆರೇಳು ನಿಮಿಷಗಳ ತುಂಡುಗಳಾಗಿ ಒಡೆದೆವು. ಪ್ರತಿ ತುಂಡಿಗೂ ಒಂದು ನಿಜವಾದ ಪ್ರಶ್ನೆ. "ಆದೇಶ ಸಂಧಿ ತಿಳಿಯಿತೇ?" ಎಂದಲ್ಲ; "ಮಳೆಗಾಲ ಎಂಬಲ್ಲಿ ಗಕಾರ ಎಲ್ಲಿಂದ ಬಂತು?" ಎಂದು. ಮೊದಲು ಜಾಣನೊಬ್ಬನೇ ಥಟ್ಟನೆ ಉತ್ತರ ಬರೆಯುತ್ತಿದ್ದ, ಉಳಿದವರು ಅದನ್ನೇ ನಕಲು ಮಾಡುತ್ತಿದ್ದರು. ಆಗ ಒಂದು ಕಟ್ಟಳೆ ಮಾಡಿದೆವು: ಎಲ್ಲರೂ ಉತ್ತರವನ್ನು ಚಾಟ್‌ನಲ್ಲಿ ಬರೆದಿಟ್ಟುಕೊಳ್ಳಬೇಕು, ನಾವು ಹೇಳುವವರೆಗೆ ಯಾರೂ ಕಳುಹಿಸಕೂಡದು. "ಈಗ ಕಳುಹಿಸಿರಿ" ಎಂದೊಡನೆ ಮೂವತ್ತಕ್ಕೂ ಮಿಕ್ಕಿ ಉತ್ತರಗಳು ಒಮ್ಮೆಗೇ ಸುರಿದವು. ಸರಿಯಾದವು ಹನ್ನೊಂದು. "ಮಳೆ + ಗಾಲ" ಎಂದು ಬರೆದವರೇ ಹೆಚ್ಚು; ಒಬ್ಬನಂತೂ ಗಾಲಿಯನ್ನೇ ತಂದು ಹಚ್ಚಿದ್ದ. ನಾವು ಬಹಳ ಸಂತೋಷಪಟ್ಟೆವು. ಯಾರಿಗೆ ಏನು ತಿಳಿದಿಲ್ಲವೆಂಬುದು ಅಂದೇ ಮೊದಲ ಬಾರಿಗೆ ನಮಗೆ ಕಾಣಿಸಿತು.

ಕಠಿಣವಾದದ್ದು ಕಾಯುವುದು. ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ ಎಪ್ಪತ್ತರ ದಶಕದಲ್ಲಿಯೇ ತೋರಿಸಿಕೊಟ್ಟಂತೆ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ದೀರ್ಘವಾಗುತ್ತವೆ, ಸುಮ್ಮನಿರುವವರ ಸಂಖ್ಯೆ ಇಳಿಯುತ್ತದೆ, ಮಕ್ಕಳೇ ಪ್ರಶ್ನೆ ಕೇಳತೊಡಗುತ್ತಾರೆ. ಅದು ಎದುರುಬದುರಿನ ತರಗತಿಯ ಲೆಕ್ಕ. ಬೆರಳಿನಿಂದ ಮೊಬೈಲಿನಲ್ಲಿ ಕನ್ನಡ ಮೂಡಿಸುವವರಿಗೆ ನಾವು ಒಂದು ನಿಮಿಷ ಕೊಡುತ್ತೇವೆ. ಗಡಿಯಾರ ನೋಡದೆ ಆ ನಿಮಿಷವನ್ನು ಸಹಿಸುವುದು ವಾಚಾಳಿಗಳಾದ ನಮ್ಮಂಥವರಿಗೆ ತಪಸ್ಸೇ ಸರಿ. ವಿದ್ಯಾರ್ಥಿಗಳನ್ನು ಸಣ್ಣ ಗುಂಪು ಮಾಡಿ ಚರ್ಚೆಗೆ ಬಿಡುವ ಸೌಲಭ್ಯವೂ ಜೂಮ್‌ನಲ್ಲಿದೆ; ಬರೆದು ತರಬೇಕಾದ ಕೆಲಸವೊಂದನ್ನು ಕೊಡದಿದ್ದರೆ ಅಲ್ಲಿ ಮೌನವೇ ರಾಜ್ಯವಾಳುತ್ತದೆ.

ಇನ್ನು ನಮ್ಮಿಂದಾದ ಒಂದು ಅಪಚಾರವನ್ನೂ ಹೇಳಲೇಬೇಕು. ಆರಂಭದ ದಿನಗಳಲ್ಲಿ ಒಬ್ಬ ಹುಡುಗಿ ಎಷ್ಟು ಹೇಳಿದರೂ ಕ್ಯಾಮೆರಾ ಹಾಕುತ್ತಿರಲಿಲ್ಲ. ಎಲ್ಲರೆದುರಿಗೆ "ಮುಖ ತೋರಿಸಲು ನಾಚಿಕೆಯಾದರೆ ಪಾಠಕ್ಕೇಕೆ ಬರುತ್ತೀ?" ಎಂದುಬಿಟ್ಟೆವು. ಮರುದಿನದಿಂದ ಆ ಹೆಸರು ಕಾಣಲಿಲ್ಲ. ಎಂಟು ದಿನಗಳ ಮೇಲೆ ಆಕೆಯ ತಂದೆ ಫೋನು ಮಾಡಿದರು. ಮನೆಯಲ್ಲಿ ಇದ್ದುದು ಒಂದೇ ಮೊಬೈಲು. ತಮ್ಮನ ಪಾಠವೂ ಅದರಲ್ಲೇ. ವೀಡಿಯೊ ಹಾಕಿದರೆ ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಹಿರಿಯರಾದ ಅವರು "ತಪ್ಪು ತಿಳಕೋಬ್ಯಾಡ್ರಿ" ಎಂದು ನಮ್ಮನ್ನೇ ಕ್ಷಮೆ ಕೇಳಿದಾಗ ನಾಚಿಕೆಯಿಂದ ಕುಗ್ಗಿದೆವು. ಹುಡುಗಿಯನ್ನು ಕರೆಯಿಸಿ, ತಪ್ಪು ನಮ್ಮದೆಂದು ಅವಳಿಗೂ, ಮರುದಿನ ತರಗತಿಗೂ ಹೇಳಿದೆವು. ಅಂದಿನಿಂದ ನಾವು ಯಾರ ಮುಖವನ್ನೂ ಕೇಳಿಲ್ಲ. ಉತ್ತರವನ್ನು ಮಾತ್ರ ಕೇಳುತ್ತೇವೆ. ಬರಲಾಗದವರು ರಾತ್ರಿ ಧ್ವನಿಸಂದೇಶದಲ್ಲಿ ಕಳುಹಿಸಿದರೂ ಆದೀತು.

ಆ ಹುಡುಗಿ ಮರಳಿ ಬಂದಳು. ಸುಮಾರು ಎರಡು ವಾರಗಳಾದ ಮೇಲೆ ಒಂದು ರಾತ್ರಿ ಒಂಬತ್ತು ಗಂಟೆಗೆ ಅವಳ ಸಂದೇಶ ಬಂತು. ಹಿನ್ನೆಲೆಯಲ್ಲಿ ಪಾತ್ರೆಗಳ ಸದ್ದು. "ಸರ, ಮಳೆಗಾಲ ಅಂತೀವಿ, ಆದ್ರ ಮಳೆಕಾಡು ಅಂತೀವಿ. ಅಲ್ಲಿ ಯಾಕ್ರಿ ಗಕಾರ ಬರ್ಲಿಲ್ಲ?"

ಕೂಡಲೇ ಉತ್ತರ ಹೇಳುವ ಚಪಲವಾಯಿತು, ತಡೆದುಕೊಂಡೆವು. ಮರುದಿನ ಆ ಪ್ರಶ್ನೆಯನ್ನು, ಕೇಳಿದವಳ ಹೆಸರಿನೊಡನೆ, ಇಡೀ ತರಗತಿಯ ಮುಂದಿಟ್ಟು ಒಂದು ನಿಮಿಷ ಕಾದು ಕುಳಿತೆವು.