ಅಳಿಸದೆ ತಿದ್ದುವ ಲೆಕ್ಕ

ದೀಪಾವಳಿಯ ಅಂಗಡಿ ಪೂಜೆಯಂದು ಹೊಸ ಲೆಕ್ಕದ ಪುಸ್ತಕ ತೆರೆಯುವುದು ಮಂಗಳೂರಿನ ವ್ಯಾಪಾರಸ್ಥರ ಹಳೆಯ ರೂಢಿ. ನಿತ್ಯದ ಜಮಾ-ಖರ್ಚನ್ನು ನಡೆದ ಕ್ರಮದಲ್ಲೇ ಬರೆಯುವುದು ಕಿರ್ದಿ; ಅದನ್ನೇ ಹೆಸರುವಾರು ವಿಂಗಡಿಸುವುದು ಖತಾವಣಿ. ಬರೆಯುವವರಿಗೆ ಒಂದು ಕಟ್ಟುನಿಟ್ಟಿನ ನಿಯಮವುಂಟು. ಅಂಕಿ ತಪ್ಪಿದರೆ ಅಳಿಸಬಾರದು. ಹಳೆಯ ಅಂಕಿ ಕಾಣುವಂತೆ ಗೆರೆ ಎಳೆದು, ಸರಿಯಾದುದನ್ನು ಬರೆದು, ರುಜು ಹಾಕಬೇಕು. ಅಳಿಸಿದ ಜಾಗದಲ್ಲಿದ್ದದ್ದು ಕೈತಪ್ಪೋ ಮೋಸವೋ ಎಂದು ಮುಂದೆ ಹೇಳಲು ಬಾರದು.

ಕಂಪ್ಯೂಟರಿನ ಸಾಮಾನ್ಯ ಕಡತದಲ್ಲಿ ಈ ಗೆರೆಗೆ ಜಾಗವಿಲ್ಲ. 500 ಇದ್ದಲ್ಲಿ 5,000 ಒತ್ತಿ ಉಳಿಸಿದರೆ ಹಳೆಯ ಅಂಕಿಯ ಗುರುತೂ ಉಳಿಯದು. ಇದಕ್ಕೆ ತಂತ್ರಾಂಶ ಬರೆಯುವವರು ಎರಡು ಸಾಧನಗಳನ್ನು ಜೋಡಿಸಿಕೊಂಡಿದ್ದಾರೆ. ಒಂದು, 2003ರಲ್ಲಿ ಜಾನ್ ವೀಗ್ಲಿ ಆರಂಭಿಸಿದ 'ಲೆಡ್ಜರ್'. ಇದರಲ್ಲಿ ಲೆಕ್ಕವನ್ನು ಬರಿಯ ಅಕ್ಷರಗಳ ಕಡತದಲ್ಲಿ ಬರೆಯುತ್ತಾರೆ: ದಿನಾಂಕ, ಮೀನಿನ ಖರ್ಚು 300, ನಗದಿನಿಂದ ಕಳೆ 300. ಎರಡೂ ಕೂಡಿದರೆ ಸೊನ್ನೆ ಬರಬೇಕು. ಇನ್ನೊಂದು, 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ರೂಪಿಸಿದ 'ಗಿಟ್'. ಪ್ರತಿ ತಿದ್ದುಪಡಿಯನ್ನು ದಾಖಲಿಸಿದಾಗ ಯಾರು, ಯಾವಾಗ, ಏಕೆ ಎಂಬುದರೊಂದಿಗೆ ಹಳೆಯ ಪ್ರತಿಯನ್ನೂ ಅದು ಇಟ್ಟುಕೊಳ್ಳುತ್ತದೆ.

ಈ ಮಾತಿನ ತೂಕವನ್ನು ಸರಕಾರವೂ ಒಪ್ಪಿದೆ. ಕಂಪೆನಿಗಳ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ದಾಖಲೆ ಇಡಲೇಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮನೆ ಲೆಕ್ಕಕ್ಕೆ ಅಂಥ ನಿಯಮವಿಲ್ಲ. ಆದರೆ ತಂದೆಯ ಚಿಕಿತ್ಸೆಗೆ ಯಾರು ಎಷ್ಟು ಕೊಟ್ಟರು, ಸಾಲದಲ್ಲಿ ಎಷ್ಟು ತೀರಿತು ಎಂಬ ಪ್ರಶ್ನೆ ಅಣ್ಣತಮ್ಮಂದಿರ ನಡುವೆ ಎದ್ದಾಗ ಬೇಕಾಗುವುದು ಇಂಥ ದಾಖಲೆಯೇ.

ಬ್ಯಾಂಕಿನ ಪಾಸ್ ಪುಸ್ತಕ ಸಾಲದೇ ಎಂದು ಕೇಳಬಹುದು. ಅದರಲ್ಲಿ ಹಣ ಹೋದದ್ದು ಕಾಣುತ್ತದೆ, ಯಾತಕ್ಕೆಂಬುದು ಎಷ್ಟೋ ಸಲ ಕಾಣುವುದಿಲ್ಲ. ಬ್ಯಾಂಕಿನ ಹೆಸರೂ ಶಾಶ್ವತವಲ್ಲ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಇಲ್ಲಿಯೇ ಪ್ರಧಾನ ಕಚೇರಿಯಿದ್ದ ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾದವು. ತಂತ್ರಾಂಶಗಳ ಆಯುಸ್ಸು ಇನ್ನೂ ಕಡಿಮೆ. ಬರಿಯ ಅಕ್ಷರಗಳ ಕಡತವಾದರೆ ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ.

ಎಚ್ಚರಿಕೆಯೂ ಬೇಕು. ಗಿಟ್‌ನ ಹಳೆಯ ದಾಖಲೆಯನ್ನೂ ಬಲ್ಲವರು ಬದಲಿಸಬಲ್ಲರು. ಕಂಪ್ಯೂಟರ್ ಕೆಟ್ಟರೆ ಎಲ್ಲವೂ ಹೋದೀತು. ಆದುದರಿಂದ ಮನೆಯ ಇನ್ನೊಬ್ಬರ ಬಳಿಯೂ ಒಂದು ಪ್ರತಿ ಇರಬೇಕು. ಎರಡನ್ನೂ ಹೋಲಿಸಿದರೆ ಎಲ್ಲಿ ವ್ಯತ್ಯಾಸವಾಗಿದೆಯೆಂಬುದು ತಿಳಿಯುತ್ತದೆ.